ಮಾಸ್ಟರ ಎನ್ನಿಕೆ, ಸುಗುಣಮ್ಮನ ಪ್ರಶ್ನೆ

ಮೊನ್ನೆ ಇಸ್ತ್ರಿಯವನು ತಂದುಕೊಟ್ಟ ಗಂಟಿನಲ್ಲಿ ಯಾರದೋ ಅಂಗಿಯೊಂದು ತಪ್ಪಿ ಬಂದಿತ್ತು. ಗಂಜಿಯಲ್ಲಿ ಅದ್ದಿ, ನೀಲಿ ಹಾಕಿ, ಹಲಗೆಯಂತೆ ಸೆಟೆದು ನಿಂತಿದ್ದ ಬಿಳಿ ಅಂಗಿ. ಈಗಿನ ಕಾಲದಲ್ಲಿ ಅಂಗಿಗೆ ಯಾರು ಗಂಜಿ ಹಾಕುತ್ತಾರೆ ಹೇಳಿ! ಪರರ ಬಟ್ಟೆಯನ್ನು ಮೂಗಿಗೆ ಹಿಡಿಯುವುದು ಸಭ್ಯತೆಯಲ್ಲವೆಂದು ಗೊತ್ತಿದ್ದೂ ಹಿಡಿದೆ. ಅನ್ನದ ತಿಳಿ, ಬಿಸಿಲು, ಇದ್ದಿಲ ಹಬೆ ಮೂರೂ ಸೇರಿದ ಆ ವಾಸನೆ ನನ್ನನ್ನು ದಾವಣಗೆರೆಯಿಂದ ಎತ್ತಿ, ವಿಜಯವಾಡದ ಪಟಮಟದಲ್ಲಿ ಒಂದು ಮನೆಯ ಮಹಡಿ ಮೆಟ್ಟಿಲ ಮೇಲೆ ಕೂರಿಸಿಬಿಟ್ಟಿತು.

ಆ ಮನೆಯಲ್ಲಿ ಶನಿವಾರವೆಂದರೆ ಗಂಜಿಯ ದಿನ. ಮನೆಯೊಡತಿ ಸುಗುಣಮ್ಮ ತನ್ನ ಗಂಡನ ಬಿಳಿ ಅಂಗಿಗಳನ್ನು ಗಂಜಿಯಲ್ಲಿ ಹಿಂಡಿ ತಂತಿಯ ಮೇಲೆ ಹರವುತ್ತಿದ್ದಳು. ಭಾನುವಾರ ಬೆಳಿಗ್ಗೆ ಅದರಲ್ಲೊಂದನ್ನು ತೊಟ್ಟು ಏಸುರತ್ನಂ ಮಾಸ್ಟರು ಚರ್ಚಿಗೆ ಹೊರಡುತ್ತಿದ್ದರು. ಅವರು ನಿವೃತ್ತ ಗಣಿತದ ಮೇಷ್ಟರು. ತೆಳ್ಳಗೆ, ಎತ್ತರಕ್ಕೆ ಇದ್ದರು. ನಡೆದರೆ ಅಂಗಿಯೇ ಅವರನ್ನು ಹಿಡಿದುಕೊಂಡು ಹೋಗುತ್ತಿದೆಯೇನೋ ಅನ್ನಿಸುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿದ್ದ ಕಾಲ. ಬ್ಯಾಂಕಿನವರು ನನಗೆ ಬಡ್ತಿಯ ಹೂವು ಕೊಟ್ಟು, ಅದರ ಜೊತೆ ವಿಜಯವಾಡವೆಂಬ ಮುಳ್ಳನ್ನೂ ಕೊಟ್ಟಿದ್ದರು. ತೆಲುಗು ಬಾರದು, ಬಿಸಿಲು ತಡೆಯದು, ಒಂಟಿ ಹೆಂಗಸಿಗೆ ಮನೆ ಸಿಗದು. ಬಸ್ಸಿನಲ್ಲಿ ತಿರುಗಿ ತಿರುಗಿ ಸಾಕಾಗಿ ಪಟಮಟದ ಆ ಮನೆಯ ಗೇಟಿನ ಮುಂದೆ ನಿಂತು ಹರಕು ತೆಲುಗಿನಲ್ಲಿ ವಿಚಾರಿಸುತ್ತಿದ್ದಾಗ, ಒಳಗಿನಿಂದ ದುಂಡನೆಯ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದು ನನ್ನ ಬಾಯನ್ನೇ ನೋಡಿದಳು.

"ಕನ್ನಡದಾಕೀನಾ ನೀನು?"

ಹೂಂ ಅಂದೆ. "ನಂದು ಬಳ್ಳಾರಿ," ಅಂದಳು. ಮುಂದೆ ಯಾವ ಪ್ರಶ್ನೆಯನ್ನೂ ಕೇಳದೆ ಮಹಡಿಯ ಬೀಗದ ಕೈ ತಂದುಕೊಟ್ಟಳು. ಬಳ್ಳಾರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಕ್ರೈಸ್ತರ ಮನೆಯ ಮಗಳು ಆಕೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕನ್ನಡ ಆಡಲು ಜನವಿರಲಿಲ್ಲ. ಗಂಡನಿಗೆ ಬಾರದು. ಹೈದರಾಬಾದಿಗೆ ಮದುವೆ ಮಾಡಿಕೊಟ್ಟಿದ್ದ ಮಗಳಿಗೆ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಹೀಗಾಗಿ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯಂತೆ ಮಡಿಕೆ ಮಡಿಕೆಯಲ್ಲಿ ಸವೆದಿದ್ದ ಆ ಕನ್ನಡವನ್ನು ಆಕೆ ನನ್ನ ಮುಂದೆ ಬಿಚ್ಚಿದಳು. ಸವೆದಲ್ಲೆಲ್ಲ ತೆಲುಗಿನ ತೇಪೆ ಇತ್ತು, ನಮ್ಮ 'ಅಲ್ಲವೇ'ಗೆ ಆಕೆಯದು 'ಕದಾ'. ನನ್ನನ್ನು "ಪಾಪಾ" ಎಂದು ಕರೆಯತೊಡಗಿದಾಗ ನಾನು ಒಂದು ವಾರ ಕಂಗಾಲಾಗಿದ್ದೆ. ಪಾಪಿಗಳ ಬಗ್ಗೆ ಸದಾ ಮಾತಾಡುವ ಮನೆ ಅದು, ನನ್ನ ಹಣೆಯ ವಿಭೂತಿ ನೋಡಿ ಹೀಗೆ ಹೆಸರಿಟ್ಟರೇನೋ ಅಂದುಕೊಂಡಿದ್ದೆ. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಮಗು ಎಂದು ಬ್ಯಾಂಕಿನಲ್ಲಿ ಯಾರೋ ಹೇಳಿದ ಮೇಲೆ ನಿದ್ದೆ ಬಂತು.

ಮಾಸ್ಟರ ತೆಲುಗನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆದರೆ ಅವರ ಒಂದು ಶಬ್ದವನ್ನು ಮಾತ್ರ ಹಾಗೇ ಇಡಬೇಕು, 'ಎನ್ನಿಕ', ನನ್ನ ಬಾಯಲ್ಲಿ 'ಎನ್ನಿಕೆ'. ಆರಿಸುವುದಕ್ಕೂ ಚುನಾವಣೆಗೂ ತೆಲುಗಿನಲ್ಲಿ ಅದೊಂದೇ ಶಬ್ದ. ಆ ವರ್ಷ ವಿಧಾನಸಭೆಯ ಚುನಾವಣೆ; ಬೀದಿಯ ತುಂಬ ಮೈಕು ಕಟ್ಟಿದ ಜೀಪುಗಳು 'ಎನ್ನಿಕಲು, ಎನ್ನಿಕಲು' ಎಂದು ಕಿರುಚುತ್ತಿದ್ದವು. ಒಂದು ಸಂಜೆ ಮಾಸ್ಟರು ಜಗುಲಿಯ ಮೇಲೆ ಕೂತು, "ದೇವರ ಎನ್ನಿಕೆಯ ಬಗ್ಗೆ ನಿನ್ನ ಅಭಿಪ್ರಾಯವೇನಮ್ಮಾ?" ಎಂದು ಕೇಳಿದರು. "ಈ ಸಲ ಯಾರು ಬರ್ತಾರೋ ಹೇಳೋದು ಕಷ್ಟ ಮಾಸ್ಟರೇ," ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಬಹಳ ಹೊತ್ತು ನಕ್ಕರು.

ಆಮೇಲೆ ಬಿಡಿಸಿ ಹೇಳಿದರು. ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ. ಅವರ ಒಳ್ಳೆಯತನ ನೋಡಿ ಆರಿಸಿದ್ದಲ್ಲ, ಸುಮ್ಮನೆ, ತನ್ನ ಕೃಪೆಯಿಂದ. ಅದೇ ಎನ್ನಿಕೆ. ಮನುಷ್ಯನು ಪಾಪದಲ್ಲಿ ಸತ್ತಂತೆ ಬಿದ್ದಿರುವವನು; ಸತ್ತವನು ಕೈ ಚಾಚಲಾರ, ಎತ್ತುವವನೇ ಬಗ್ಗಿ ಎತ್ತಬೇಕು. ಹಾಗೆ ಬಗ್ಗಿ ಎತ್ತಿದವನು ಕ್ರಿಸ್ತ. ನಮ್ಮೆಲ್ಲರ ಪ್ರಾಯಶ್ಚಿತ್ತವನ್ನು ಅವನೇ ಶಿಲುಬೆಯ ಮೇಲೆ ಮಾಡಿ ಮುಗಿಸಿದ್ದಾನೆ.

ನನಗೆ ಬೆರಗಾದದ್ದು ಈ ಪ್ರಾಯಶ್ಚಿತ್ತದ ಮಾತಿಗೆ. ನಮ್ಮಲ್ಲಿ ತಪ್ಪು ಮಾಡಿದವನೇ ತಲೆ ಬೋಳಿಸಿಕೊಳ್ಳಬೇಕು, ಉಪವಾಸ ಕೂರಬೇಕು. ಒಬ್ಬರ ತಪ್ಪಿಗೆ ಇನ್ನೊಬ್ಬರು ಪ್ರಾಯಶ್ಚಿತ್ತ ಮಾಡಿಕೊಳ್ಳುವುದೆಂದರೆ, ನನಗೆ ತಲೆನೋವು ಬಂದು ನಮ್ಮಕ್ಕ ಮಾತ್ರೆ ನುಂಗಿದ ಹಾಗಲ್ಲವೇ? ಹಾಗೆಂದು ಕೇಳಿಯೂ ಕೇಳಿದೆ. ಮಾಸ್ಟರು ಕೋಪಿಸಿಕೊಳ್ಳಲಿಲ್ಲ. "ಚಿಕ್ಕವಳಿದ್ದಾಗ ನೀನು ಪಕ್ಕದ ಮನೆಯ ಹೂಕುಂಡ ಒಡೆದರೆ ಯಾರು ಹೋಗಿ ಕೈ ಮುಗಿಯುತ್ತಿದ್ದರು?" ಎಂದರು. "ಅಮ್ಮ," ಅಂದೆ. "ಅಷ್ಟೇ," ಅಂದರು.

ಆದರೆ ಎನ್ನಿಕೆಯ ವಿಷಯದಲ್ಲಿ ಅವರು ಹೀಗೆ ಮೆತ್ತಗಾಗುತ್ತಿರಲಿಲ್ಲ. ಆರಿಸಿದವರು ಎಂದ ಮೇಲೆ ಆರಿಸದವರೂ ಇರಲೇಬೇಕು, ಇದು ಗಣಿತ ಎನ್ನುವರು. ಆರಿಸದವರು ಯಾರು? ಅದು ಅವನಿಗೇ ಗೊತ್ತು. ಹಾಗಾದರೆ ನಾನು? ಎಂದು ಕೇಳಿದ್ದಕ್ಕೆ, "ನಿನ್ನದು ಹೇಗೆ ಹೇಳಲಮ್ಮಾ, ಒಮ್ಮೊಮ್ಮೆ ನನ್ನದೇ ನನಗೆ ಹೆದರಿಕೆ," ಅಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ನನಗೋ ಇದು ನಮ್ಮ ಬ್ಯಾಂಕಿನ ವರ್ಗಾವಣೆಯಂತೆಯೇ ಕಂಡಿತ್ತು. ಹೆಡ್ ಆಫೀಸು ನನ್ನನ್ನೇ ಯಾಕೆ ಆರಿಸಿತು ಎಂದು ಯಾರೂ ಹೇಳಿರಲಿಲ್ಲ. ಅಷ್ಟೇ ಏಕೆ, ಊರಾಚೆಯ ಇಬ್ರಾಹಿಂಪಟ್ನಂನಲ್ಲಿ ಅಷ್ಟು ದೊಡ್ಡ ಕರೆಂಟಿನ ಕಾರ್ಖಾನೆ ಹೊಗೆಯುಗುಳುತ್ತಿದ್ದರೂ ಎದುರಿನ ಸಾಲಿನ ಮನೆಗಳಲ್ಲಿ ದೀಪ ಉರಿದು ನಮ್ಮ ಸಾಲಿನಲ್ಲಿ ಆರುತ್ತಿತ್ತು. "ಇದೂ ಎನ್ನಿಕೆಯೇ ಇರಬೇಕು ಮಾಸ್ಟರೇ," ಎಂದು ಕತ್ತಲಲ್ಲಿ ಬೀಸಣಿಗೆ ಆಡಿಸುತ್ತ ಹೇಳುತ್ತಿದ್ದೆ. ಅವರು ನಗುತ್ತಿದ್ದರು. ಒಳಗೆ ಒಲೆಯ ಮುಂದಿದ್ದ ಸುಗುಣಮ್ಮ ಮಾತ್ರ ಯಾವತ್ತೂ ಈ ಮಾತಿಗೆ ನಕ್ಕವಳಲ್ಲ. ಎನ್ನಿಕ ಎಂಬ ಶಬ್ದ ಕೇಳಿದರೆ ಸಾಕು, ಆಕೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಅವರ ಚರ್ಚಿಗೆ ನಾನೂ ಕೆಲವು ಸಲ ಹೋದದ್ದುಂಟು. ಭಕ್ತಿಗಿಂತ ಹೆಚ್ಚಾಗಿ ಹಾಡಿನ ಆಸೆಗೆ. ಚಪ್ಪಲಿ ಹೊರಗೆ ಬಿಟ್ಟು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಚಾಪೆಯ ಮೇಲೆ ಕೂರುವುದು. ಹೆಂಗಸರೆಲ್ಲ ತಲೆಯ ಮೇಲೆ ಸೆರಗು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಎಲ್ಲರೂ ಸಾಲಾಗಿ ಮುಂದೆ ಹೋಗಿ ಮೊಣಕಾಲೂರುತ್ತಾರೆ, ಪಾದ್ರಿಗಳು ತುಂಡು ರೊಟ್ಟಿ, ಗುಟುಕು ದ್ರಾಕ್ಷಾರಸ ಕೊಡುತ್ತಾರೆ. ಸಾಲಿಗೆ ಸಾಲೇ ಎದ್ದು ಹೋದಾಗ ಚಾಪೆಯ ಮೇಲೆ ಉಳಿದವರು ಇಬ್ಬರೇ. ಲಿಂಗ ಕಟ್ಟಿಕೊಂಡ ನಾನು, ಮತ್ತೆ ಸುಗುಣಮ್ಮ.

"ನೀವ್ಯಾಕೆ ಹೋಗಲ್ಲ ಅಮ್ಮಾ?" ಎಂದು ಬರುವಾಗ ಕೇಳಿದೆ.

"ಅದು ಹುಳಿ ಇರ್ತದ ಪಾಪಾ. ನನ್ನ ಹೊಟ್ಟಿಗೆ ಆಗಿಬರಂಗಿಲ್ಲ," ಅಂದಳು.

ಹುಳಿ ಆಗಿಬರದವಳು ಬೇಸಿಗೆ ಬಂತೆಂದರೆ ಮನೆಯ ತುಂಬ ಮಾವಿನಕಾಯಿ ಗುಡ್ಡೆ ಹಾಕಿಕೊಂಡು ಆವಕಾಯಿ ಉಪ್ಪಿನಕಾಯಿ ಹಾಕುತ್ತಿದ್ದಳು. ಅಂಥ ಒಂದು ಮಧ್ಯಾಹ್ನವೇ ನನಗೆ ನಿಜ ತಿಳಿದದ್ದು. ಮಾಸ್ಟರು ಒಳಗೆ ಮಲಗಿದ್ದರು. ನಾವಿಬ್ಬರೂ ಓಟೆ ಸಮೇತ ಸೀಳಿದ ಕಾಯಿಗಳನ್ನು ಬಟ್ಟೆಯಿಂದ ಒರೆಸುತ್ತಿದ್ದೆವು. ಒಂದು ಹನಿ ನೀರಿದ್ದರೂ ಉಪ್ಪಿನಕಾಯಿ ಕೆಡುತ್ತದೆಂದು ಆಕೆ ನಾನು ಒರೆಸಿದ್ದನ್ನೆಲ್ಲ ಇನ್ನೊಮ್ಮೆ ಒರೆಸುತ್ತಿದ್ದಳು. ಓಟೆಯ ಒಳಗಿನ ಎಳೆಯ ಬೀಜವನ್ನು ಉಗುರಿನಿಂದ ಎಬ್ಬಿಸಿ ತೆಗೆಯುತ್ತ, ತಲೆಯೆತ್ತದೆ ಹೇಳಿದಳು.

"ನಮಗೊಂದು ಗಂಡುಕೂಸು ಆಗಿತ್ತು ಪಾಪಾ. ಮೊದಲ್ನೇದು. ಎರಡು ದಿನ ಇತ್ತು. ಪಾದ್ರಿಗಳು ಊರಾಗ ಇರಲಿಲ್ಲ. ದೀಕ್ಷಾಸ್ನಾನ ಆಗಲಿಲ್ಲ, ಹೆಸರು ಇಡಲಿಲ್ಲ. ಹಂಗ ಹೋತು."

ನಾನು ಕೈ ನಿಲ್ಲಿಸಿದೆ.

"ಇವರು ಮಣ್ಣು ಮಾಡಿ ಬಂದು ಬಾಗಿಲಾಗ ಕಾಲು ತೊಳಕೊಳ್ಳಾಕತ್ತಿದ್ರು. ನಾನು ಬಾಣಂತಿ, ಗ್ವಾಡಿ ಹಿಡಕೊಂಡು ಎದ್ದು ಬಂದು ಕೇಳಿದೆ, ನಮ್ಮ ಕೂಸು ದೇವರ ಹತ್ರ ಐತೇನ್ರಿ ಅಂತ. ಇವರು ಚೊಂಬು ಹಿಡಕೊಂಡು ನಿಂತು ಯೋಚನೆ ಮಾಡಿದ್ರು. ಯೋಚನೆ ಮಾಡಿದ್ರು ನೋಡು! ಆಮ್ಯಾಲೆ ಅಂದ್ರು, ಆತನ ಎನ್ನಿಕ ಆತನಿಗೇ ಗೊತ್ತು ಸುಗುಣಾ, ನನಗ ಗೊತ್ತಿಲ್ಲ ಅಂತ."

ಆಕೆ ಇನ್ನೊಂದು ಹೋಳು ಎತ್ತಿಕೊಂಡಳು.

"ಸುಳ್ಳು ಆಡೋ ಮನುಷ್ಯ ಅಲ್ಲ ಕದಾ. ಒಳ್ಳೇರು. ಆದ್ರ ನನ್ನ ಕೂಸಿಗೆ ಜಾಗ ಐತೋ ಇಲ್ಲೋ ಗೊತ್ತಿಲ್ದ ಪಂಕ್ತಿಯಾಗ ನಾನು ಹೆಂಗ ಕುಂತು ಉಣ್ಣಲಿ, ನೀನ ಹೇಳು."

ಏನು ಹೇಳುವುದು? ಬಾಯಿಗೆ ಬಂದ ಕರ್ಮ, ಋಣಾನುಬಂಧ ಮುಂತಾದ ನಮ್ಮ ಕಡೆಯ ಮಾತುಗಳನ್ನೆಲ್ಲ ನುಂಗಿಕೊಂಡೆ. ಅವೂ ಮಾಸ್ಟರ ಉತ್ತರದ ಅಣ್ಣತಮ್ಮಂದಿರೇ. ಅಂದಿನಿಂದ ಮೊದಲ ಭಾನುವಾರಗಳಲ್ಲಿ ಚಾಪೆಯ ಮೇಲೆ ಆಕೆಯ ಪಕ್ಕ ಕೂತಾಗ ನನಗೆ ಆ ಖಾಲಿ ಚಾಪೆ ಬಹಳ ಅಗಲವಾಗಿ ಕಾಣತೊಡಗಿತು. ಗಂಡಸರ ಕಡೆ ಮಾಸ್ಟರು ಮುಂದೆ ಹೋಗಿ, ತಿಂದು, ಕುಡಿದು, ಹಿಂದಿರುಗುವಾಗ ಒಮ್ಮೆ ಈ ಕಡೆ ನೋಡುತ್ತಿದ್ದರು. ಅದನ್ನೂ ಆಗಲೇ ಗಮನಿಸಿದ್ದು.

ಮುಂದಿನ ಚಳಿಗಾಲದಲ್ಲಿ ಮಾಸ್ಟರ ಹಳೆಯ ಶಿಷ್ಯನೊಬ್ಬ ವಿಶಾಖಪಟ್ಟಣದಿಂದ ಬಂದ. ಋಷಿಕೊಂಡದ ಹತ್ತಿರ ಮೀನುಗಾರರ ಕೇರಿಯಲ್ಲಿ ಪಾದ್ರಿಯಾಗಿದ್ದವನು. ಅಲ್ಲಿ ಸಂಜೆಯ ಸಭೆಯೊಂದರಲ್ಲಿ ಗುರುಗಳು ಮಾತಾಡಲೇಬೇಕೆಂದು ಹಟ ಹಿಡಿದ. ಮಾಸ್ಟರು ಒಪ್ಪಿದರು. ಸುಗುಣಮ್ಮ ಒಬ್ಬಳೇ ಹೆಂಗಸು ಬೇಸರಪಡುತ್ತಾಳೆಂದು ನನ್ನನ್ನೂ ಹೊರಡಿಸಿದರು. ಸಮುದ್ರ ನೋಡುವ ಆಸೆಗೆ ನಾನು ರಜೆ ಹಾಕಿದೆ. ರೈಲಿನಲ್ಲಿ ಗೋದಾವರಿಯ ಸೇತುವೆ ಮುಗಿಯುವ ತನಕ ಸುಗುಣಮ್ಮ ಕಿಟಕಿಗೆ ಅಂಟಿಕೊಂಡು, "ನಮ್ಮ ತುಂಗಭದ್ರಾ ಇಷ್ಟು ಅಗಲ ಇಲ್ಲ ಬಿಡು. ಆದ್ರ ರುಚಿ ಅದರದೇ," ಎಂದು ತವರಿನ ಮಾನ ಉಳಿಸಿದಳು.

ತಗಡಿನ ಮಾಡಿನ ಪುಟ್ಟ ಚರ್ಚು. ಆಚೆ ತೆಂಗು, ಅದರಾಚೆ ಸಮುದ್ರದ ಸದ್ದು. ಮಾಸ್ಟರು ಪ್ರಾಯಶ್ಚಿತ್ತದ ಬಗ್ಗೆ ಮಾತಾಡಿದರು. ಸಭೆ ಮುಗಿದು ಜನ ಚದುರುವಾಗ, ಪ್ರಾರ್ಥನೆ ಮಾಡಿಸಿಕೊಳ್ಳಲು ನಿಂತಿದ್ದ ಹೆಂಗಸರ ನಡುವಿನಿಂದ ಒಂದು ಹುಡುಗಿ ಬಂದಳು. ಇಪ್ಪತ್ತು ದಾಟಿರಲಿಲ್ಲ. ಕೊರಳಿಗೆ ಅರಿಶಿನ ದಾರ, ಕೈ ಬರಿದು. ಮಳೆಗಾಲದಲ್ಲಿ ಹೆತ್ತ ಗಂಡುಕೂಸು ಉಳಿಯಲಿಲ್ಲವೆಂದು ಜೊತೆಗಿದ್ದ ಮುದುಕಿ ಹೇಳಿದಳು. ಹುಡುಗಿ ನೆಲ ನೋಡುತ್ತ ಕೇಳಿದಳು, "ಅಯ್ಯಗಾರು, ನನ್ನ ಮಗೂಗೆ ದೀಕ್ಷಾಸ್ನಾನ ಆಗಿರಲಿಲ್ಲ. ಅದು ರಕ್ಷಣೆ ಒಳಗೆ ಇದೆಯಾ, ಹೊರಗಿದೆಯಾ?"

ಸುಗುಣಮ್ಮ ಚಪ್ಪಲಿ ಹುಡುಕುತ್ತಿದ್ದವಳು ಬಗ್ಗಿದಂತೆಯೇ ನಿಂತಳು.

ಮಾಸ್ಟರು ಕನ್ನಡಕ ತೆಗೆದರು. ನಾನು ಆ ಗಣಿತದ ಉತ್ತರಕ್ಕೇ ಕಾದೆ. ಅವರು ಮಾತ್ರ ಆ ಗಂಜಿಯಂಗಿ ಮುದುಡುವುದನ್ನೂ ಲೆಕ್ಕಿಸದೆ ಮರಳು ನೆಲದ ಮೇಲೆ ಹುಡುಗಿಯ ಎದುರಿಗೆ ಕೂತುಬಿಟ್ಟರು.

"ಉನ್ನಾಡು ತಲ್ಲೀ," ಅಂದರು. ಇದ್ದಾನೆ ತಾಯಿ. "ಆತನ ತೋಳಿನಲ್ಲೇ ಇದ್ದಾನೆ. ನಿನ್ನ ಮಗು ಅಲ್ಲಿಗೆ ಹೋಗಲು ಏನು ಮಾಡಬೇಕಿತ್ತು? ಏನೂ ಇಲ್ಲ. ಎತ್ತಿಕೊಳ್ಳುವುದು ಆತನ ಕೆಲಸ. ಆತ ಎತ್ತಿಕೊಂಡಿದ್ದಾನೆ."

ಹುಡುಗಿ ಅತ್ತಳು. ಮುದುಕಿಯೂ ಅತ್ತಳು. ನಾನು ಹಿಂದಿರುಗಿ ನೋಡಿದೆ. ಸುಗುಣಮ್ಮ ಬರಿಗಾಲಲ್ಲೇ ರಸ್ತೆ ಸೇರಿದ್ದಳು.

ಆ ಸಂಜೆ ಪಾದ್ರಿಯ ಮನೆಯಲ್ಲಿ ಆಕೆ ಮೀನು ಸಾರನ್ನು ಮುಟ್ಟಲಿಲ್ಲ. ಬೆಳಿಗ್ಗೆ ಮೂವರೂ ಋಷಿಕೊಂಡದ ಬೀಚಿಗೆ ಹೋದೆವು. ಗುಡ್ಡದ ಮೇಲೆ ಹೊಸದಾಗಿ ಎದ್ದಿದ್ದ ಸಾಫ್ಟ್‌ವೇರ್ ಆಫೀಸುಗಳ ಗಾಜಿಗೆ ಸೂರ್ಯ ಬಡಿದು ಕಣ್ಣು ಕುಕ್ಕುತ್ತಿತ್ತು. ಮಾಸ್ಟರು ಏನೋ ತೋರಿಸಿ ಮಾತಾಡಿಸಲು ನೋಡಿದರು. ಸುಗುಣಮ್ಮ ಅವರ ಕಡೆ ತಿರುಗದೆ ನನ್ನೊಡನೆ ಕನ್ನಡದಲ್ಲಿ ಹೇಳಿದಳು.

"ಅವರನ್ನ ಕೇಳು ಪಾಪಾ. ಆ ಹುಡುಗಿಗೆ ಹೇಳಿದ್ರಲ್ಲ, ನನಗ್ಯಾಕ ಹೇಳಲಿಲ್ಲ ಅಂತ ಕೇಳು."

ಇಬ್ಬರೂ ಒಂದೇ ಒಲೆಯ ಅನ್ನ ಉಂಡು ಮುದುಕರಾದವರು. ಅವರ ನಡುವೆ ದುಭಾಷಿ ನಾನು! ನನ್ನ ತೆಲುಗೋ, ಬ್ಯಾಂಕಿನ ಕೌಂಟರಿನ ತೆಲುಗು. ಅದರಲ್ಲಿ ಡಿಪಾಜಿಟ್ಟು ಕೇಳಬಹುದೇ ಹೊರತು ಇಂಥದನ್ನಲ್ಲ. ಆದರೂ ತಡವರಿಸಿ ಕೇಳಿದೆ. ಮಾಸ್ಟರಿಗೆ ನಾನು ಹೇಳುವ ಮೊದಲೇ ತಿಳಿದಿತ್ತೆಂದು ಕಾಣುತ್ತದೆ.

"ಆಗ ನನಗೆ ಎಲ್ಲ ಗೊತ್ತಿತ್ತು," ಅಂದರು. "ಓದಿ ಓದಿ ಎಲ್ಲ ಗೊತ್ತಿದ್ದ ವಯಸ್ಸು. ನೀನು ಕೇಳಿದಾಗ ಲೆಕ್ಕದ ಕಡೆ ನೋಡಿದೆ, ನಿನ್ನ ಕಡೆ ನೋಡಲಿಲ್ಲ. ನಿನ್ನೆ ಆ ಹುಡುಗಿ ಕೇಳುವಾಗ ಅವಳ ಮುಖ ಕಂಡಿತು. ಅದು ನಿನ್ನ ಮುಖವೇ. ನಾನು ಇಷ್ಟು ವರ್ಷ ಸಾರಿದ ಎನ್ನಿಕೆ ಇದೇ ಅಲ್ಲವೇ ಸುಗುಣಾ? ಏನೂ ಮಾಡದವರನ್ನು ಎತ್ತಿಕೊಳ್ಳುವುದು. ಎರಡು ದಿನದ ಕೂಸಿಗಿಂತ ಏನೂ ಮಾಡದವರು ಇನ್ನು ಯಾರಿದ್ದಾರೆ?"

"ಇದು ಗೊತ್ತಾಗಿದ್ದು ನಿನ್ನೇನಾ ಅಂತ ಕೇಳು," ಎಂದಳು ಸುಗುಣಮ್ಮ. ಅದನ್ನೂ ತೆಲುಗಿನಲ್ಲಿ ಕೇಳಿದೆ.

"ಇಲ್ಲ. ಬಹಳ ಹಿಂದೆಯೇ." ಅವರ ಧ್ವನಿ ಸಣ್ಣದಾಯಿತು. "ಮತ್ತೆ ಆ ಮಾತೆತ್ತಲು ಧೈರ್ಯ ಬರಲಿಲ್ಲ. ಪ್ರತಿ ತಿಂಗಳೂ ನೀನು ಚಾಪೆಯ ಮೇಲೆ ಕೂತೇ ಇರುವುದನ್ನು ನೋಡುತ್ತಿದ್ದೆ. ನೋಡುವುದೇ ನನ್ನ ಪ್ರಾಯಶ್ಚಿತ್ತ ಅಂದುಕೊಂಡಿದ್ದೆ."

ಈಗ ಆಕೆ ಅವರ ಕಡೆ ತಿರುಗಿದಳು. ನನ್ನನ್ನು ಮರೆತು ನೇರ ತೆಲುಗಿನಲ್ಲೇ ಗದರಿದಳು. "ಯಾರು ಕೇಳಿದರು ನಿಮ್ಮ ಪ್ರಾಯಶ್ಚಿತ್ತ? ಅದನ್ನು ಆತ ಮಾಡಿ ಮುಗಿಸಿದ್ದಾನೆ ಅಂತ ಊರಿಗೆಲ್ಲ ಹೇಳ್ತೀರಿ. ನಿಮಗೆ ಮಾತ್ರ ಬೇರೆ ಇದೆಯಾ?"

ಮಾಸ್ಟರು ಗಣಿತದಲ್ಲಿ ಸೋತವರಂತೆ ಅಲ್ಲ, ಉತ್ತರ ಸಿಕ್ಕವರಂತೆ ನಿಂತಿದ್ದರು. ಅಲೆಯೊಂದು ಬಂದು ಮೂವರ ಕಾಲನ್ನೂ ತೋಯಿಸಿತು. ಸುಗುಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು. "ಅವನಿಗೆ ಹೆಸರಿದೆ. ಆ ಎರಡು ದಿನ ನಾನು ಕನ್ನಡದಲ್ಲಿ ಮಾತಾಡಿಸ್ತಿದ್ದೆ ಅವನನ್ನ. ಸಂತೋಷ ಅಂತ."

"ಸಂತೋಷಂ," ಎಂದರು ಮಾಸ್ಟರು, ಮೆಲ್ಲಗೆ.

"ಸಂತೋಷಂ ಅಲ್ಲ. ಸಂತೋಷ."

"ಸಂತೋಷ," ಎಂದು ಅವರು ಮತ್ತೆ ಹೇಳಿದರು. ಆಮೇಲೆ ಸಮುದ್ರದ ಕಡೆ ತಿರುಗಿ, ಹಾಜರಿ ಕೂಗುವ ಮೇಷ್ಟರಂತಲ್ಲ, ಆಟಕ್ಕೆ ಹೋದ ಮಗನನ್ನು ಊಟಕ್ಕೆ ಕರೆಯುವ ಅಪ್ಪನಂತೆ ಇನ್ನೊಂದು ಸಲ ಹೇಳಿದರು. ನಾನು ಚಿಪ್ಪು ಆರಿಸುವ ನೆವದಲ್ಲಿ ದೂರ ಹೋದೆ. ತಿರುಗಿ ನೋಡಿದಾಗ ಇಬ್ಬರೂ ಮರಳಿನ ಮೇಲೆ ಕೂತಿದ್ದರು. ಮಾತಾಡುತ್ತಿದ್ದವಳು ಆಕೆ. ಅವನ ಕೂದಲು ಹೇಗಿತ್ತು, ಯಾರ ಹಣೆ ಎಂಬುದನ್ನೆಲ್ಲ ಹೇಳುತ್ತಿದ್ದಳೆಂದು ಕೈಯ ಆಟದಿಂದಲೇ ತಿಳಿಯುತ್ತಿತ್ತು.

ಮುಂದಿನ ಮೊದಲ ಭಾನುವಾರ ಹೆಂಗಸರ ಸಾಲು ಮುಗಿಯುತ್ತ ಬಂದಾಗ ಸುಗುಣಮ್ಮ ನನ್ನ ತೊಡೆ ಒತ್ತಿ ಎದ್ದಳು. ಮಂಡಿ ನೋವಿನವಳು, ನಿಧಾನ ನಡೆದಳು. ಪಾದ್ರಿಗಳು ಬಟ್ಟಲು ಹಿಡಿದು ಕಾದರು. ಗಂಡಸರ ಕಡೆ ಒಂದು ಬಿಳಿ ಅಂಗಿ ತಲೆ ತಗ್ಗಿಸಿ ನಡುಗುತ್ತಿತ್ತು. ಖಾಲಿ ಚಾಪೆಯ ಮೇಲೆ ನಾನೊಬ್ಬಳೇ ಉಳಿದಿದ್ದೆ. ವಿಚಿತ್ರವೆಂದರೆ, ನನಗೆ ಒಂಟಿ ಅನ್ನಿಸಲಿಲ್ಲ. ಮನೆಗೆ ನಡೆಯುವಾಗ ಆಕೆ ಹೇಳಿದ್ದು ಇಷ್ಟೇ. "ಹುಳಿನೇ ಇತ್ತು ಬಿಡು."

ಆಮೇಲೆ ನನಗೆ ದಾವಣಗೆರೆಗೆ ವರ್ಗವಾಯಿತು. ಮಾಸ್ಟರು ಕೆಲವು ವರ್ಷಗಳಲ್ಲಿ ತೀರಿಕೊಂಡರು. ಸುಗುಣಮ್ಮ ಹೈದರಾಬಾದಿನ ಮಗಳ ಮನೆಯಿಂದ ಫೋನು ಮಾಡುತ್ತಿದ್ದಳು. "ಅಪ್ಪ ಮಗ ಇಬ್ಬರೂ ಅಲ್ಲಿ ಏನು ಭಾಷೆ ಮಾತಾಡ್ತಾರೋ ಪಾಪಾ," ಎಂದು ಒಮ್ಮೆ ನಕ್ಕಿದ್ದಳು. ಆಕೆಯೂ ಈಗಿಲ್ಲ. ಅವರು ನಂಬಿದ್ದನ್ನು ನಾನು ನಂಬಿದೆನೇ ಎಂದು ಕೇಳಬೇಡಿ. ಆರಿಸಲ್ಪಟ್ಟವರಲ್ಲಿ ನಾನಿದ್ದೇನೋ ಇಲ್ಲವೋ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಅದರ ಚಿಂತೆಯೂ ಕಡಿಮೆಯಾಗಿದೆ.

ನಮ್ಮ ಪಕ್ಕದ ಮನೆಯ ರೇಖಾ ಕಳೆದ ತಿಂಗಳು ಹೆರಿಗೆಗೆಂದು ಹೋಗಿ ಬರಿಗೈಯಲ್ಲಿ ಬಂದಳು. ಇನ್ನೂ ವಯಸ್ಸಿದೆ, ಮತ್ತೆ ಆಗುತ್ತದೆ ಎಂದು ಓಣಿಯವರೆಲ್ಲ ಹೇಳಿ ಮುಗಿಸಿದ್ದರು. ಏನು ಹೇಳಬೇಕೋ ತಿಳಿಯದೆ ನಾನು ಹೋಗಿರಲಿಲ್ಲ. ಆ ಗಂಜಿಯಂಗಿ ಬಂದ ಮೇಲೆ, ನಿನ್ನೆ ಸಂಜೆ ಹೋದೆ. ಅವಳು ಟಿವಿ ಆರಿಸಿ ಕುರ್ಚಿ ಹಾಕಿದಳು.

"ಮಗೂಗೆ ನೀವಿಬ್ರೂ ಏನಂತ ಹೆಸರಿಡಬೇಕು ಅಂತಿದ್ರಿ ರೇಖಾ?" ಎಂದು ಕೇಳಿದೆ.

ಅವಳು ನನ್ನನ್ನೇ ನೋಡಿದಳು. ಹೆಸರು ಹೇಳಿದಳು. ಇನ್ನೊಮ್ಮೆ ಹೇಳಿದಳು. ಆಮೇಲೆ ಒಳಗೆ ಹೋಗಿ ಫೋನು ತಂದು, ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಒಂದು ಫೋಟೋ ಐತೆ ಆಂಟಿ. ಯಾರೂ ಕೇಳ್ಲೇ ಇಲ್ಲ. ನೋಡ್ತೀರಾ?"

ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಹಿಡಿದು, ಅವಸರವಿಲ್ಲದೆ ನೋಡಿದೆ.

"ಮೂಗು ನಿನ್ನದೇ," ಅಂದೆ.